ಎರಡೂ ಕಣ್ಣಿನ ಮಣ್ಣೆತ್ತು

ಸಿದ್ದಣ್ಣ ಮಾಸ್ತರ್ರಿಗೆ ನಿಮ್ಮ ಆಳಂದದ ಭಾಗಮ್ಮನ ಶರಣಾರ್ಥಿ.

ನೀವು ತೀರಿಹೋಗಿ ಭಾಳ ವರ್ಷ ಆತು. ಇವತ್ತ ಬರ್ಯಾಕತ್ತೇನಿ, ಯಾಕಂದ್ರ ಸಿಟ್ಟು ಬಂದದ. ನಮ್ಮ ಈಗಿನ ಹೆಡ್ ಮಾಸ್ತರ್ ಮ್ಯಾಲ ಬಂದದ, ನಿಮ್ಮ ಮ್ಯಾಲೂ ಬಂದದ. ಸುಳ್ಳ ಯಾಕ ಹೇಳ್ಲಿ?

ಆಳಂದದ ಸಾಲ್ಯಾಗ ಆ ತಗಡಿನ ಖೋಲಿ ನೆನಪದನ್ರಿ? ಹೈದರಾಬಾದಿಗಿ ಹೋಗಿ ಬಂದು ಒಂದು ಹಳೇ ಪೇಪರಿನ ಹಾಳಿ ಬೋರ್ಡಿಗಿ ಅಂಟಿಸಿದ್ರಿ. ಹೆಣ್ಣಮಗಳ ಮಾರಿ. ಮೂಗು ಒಂದು ಕಡಿ ತಿರಗ್ಯದ, ಕಣ್ಣು ಮಾತ್ರ ಎರಡೂ ಒಂದೇ ಗಲ್ಲದ ಮ್ಯಾಲ! ಬಿದ್ದು ಬಿದ್ದು ನಕ್ಕಿವಿ. “ಮಾಸ್ತರ, ಆಕಿ ಮ್ಯಾಲ ಲಾರಿ ಹಾಯ್ದದೇನ್ರಿ?” ಅಂದಾಕಿ ನಾನೇ. ನೀವು ಬೈಲಿಲ್ಲ. “ಇದಕ್ಕ ಕ್ಯೂಬಿಸಂ ಅಂತಾರ ಬೇ. ಒಂದೇ ಕಡಿ ಕುಂತು ನೋಡಿದ್ರ ಅರ್ಧಾನೇ ಕಾಣ್ತದ. ಸುತ್ತ ತಿರಗಿ ನೋಡು, ಕಂಡಿದ್ದೆಲ್ಲಾ ಒಂದೇ ಹಾಳ್ಯಾಗ ಇಡು” ಅಂದ್ರಿ.

ಮಣ್ಣೆತ್ತಿನ ಅಮಾಸಿ ಆದ ಮರುದಿನ, “ಮನಿಯಾಗಿನ ಎತ್ತು ತರ್ರಿ, ತೋರಸ್ತೇನಿ” ಅಂದ್ರಿ. ನಮ್ಮ ದೇವರ ಜಗಲಿ ಮ್ಯಾಲಿಂದ ಗುಲಗಂಜಿ ಕಣ್ಣಿನ ಎತ್ತು ತಂದೆ. ಮಣ್ಣು ಇನ್ನಾ ಹಸಿ ಇತ್ತು. ನೀವು ಚಾಕು ತಗೊಂಡು ಹೋಳು ಮಾಡಿ, ಹಿಂದಿಂದು ಮುಂದ, ಮುಂದಿಂದು ಮಗ್ಗಲಕ ಇಟ್ಟ್ರಿ. ನಾವು ಬಾಯಿ ತಕ್ಕೊಂಡು ನೋಡಾಕತ್ತಿದ್ವಿ. ಪೂಜಿ ಆದ ಎತ್ತು ಅದು ಅನ್ನೂದು ನಿಮಗೂ ಹೊಳಿಲಿಲ್ಲ, ನಮಗೂ ಹೊಳಿಲಿಲ್ಲ.

ಸಾಲಿ ಬಿಡೂದ್ರಾಗ ನಮ್ಮ ಮುತ್ಯಾ ಮಂದಿ ಕಟಗೊಂಡು ಬಂದ. “ಎತ್ತು ಕಡದ ಕೈ ಯಾವುದು, ತೋರಸ್ರಿ!” ಅಂದ. ನೀವು ಎರಡೂ ಕೈ ಮುಗದು ತಪ್ಪಾತು ಅಂದ್ರಿ. ಅದು ಸರಿ. ಮನೀ ದೇವರಿಗಿ ಚಾಕು ಹಚ್ಚಿದ್ದು ತಪ್ಪೇ. ಆದ್ರ ಬೋರ್ಡಿನ ಹಾಳಿ ಯಾಕ ಹರದ್ರಿ? ಎತ್ತಿನ ತಪ್ಪಿಗಿ ಚಿತ್ರಕ್ಕ ಯಾಕ ಸಜಾ? ಮುತ್ಯಾ ಕೇಳಿದ್ದು ಎತ್ತಿನ ಲೆಕ್ಕ, ಹಾಳಿದಲ್ಲ. ಆಮ್ಯಾಲ ರಿಟಾಯರ್ ಆಗೂ ತನಕ ಬರೇ ಗಿಳಿ, ಮಡಕಿ, ಮಾವಿನಹಣ್ಣು ಬರಸಿದ್ರಿ. ಅಷ್ಟು ಗೊತ್ತಿದ್ದವರು ನೀವು, ಮಾಸ್ತರ...

ಈಗ ನಾ ಜೇವರ್ಗ್ಯಾಗ ಡ್ರಾಯಿಂಗ್ ಟೀಚರ್. ಈ ವರ್ಷ ಅಮಾಸಿಗಿಂತ ಮೊದಲೇ ಎರಿಮಣ್ಣು ತರಿಸಿ, ಸಾಲ್ಯಾಗೇ ಎತ್ತು ಮಾಡಿಸಿದೆ. ಗುಲಗಂಜಿ ಇಲ್ಲ, ಇಬತ್ತಿ ಇಲ್ಲ. ಜಗಲಿ ಏರೂ ತನಕ ಮಣ್ಣು ಮಣ್ಣೇ. ಮಕ್ಕಳು ಸುತ್ತ ತಿರಗಿದ್ರು, ಕೊಯ್ದ್ರು, ಜಗಳಾಡಿದ್ರು. “ಟೀಚರ್, ಇಲ್ಲಿಂದ ಒಂದೇ ಕ್ವಾಡು ಕಾಣ್ತದ್ರಿ!” “ಹಂಗಾರ ಈ ಕಡಿ ಬಾ.” ಎಲ್ಲಾರೂ ಸೇರಿ ಹಾಳಿ ಮ್ಯಾಲ ಒಂದು ದೊಡ್ಡ ಎತ್ತು ಬರದ್ರು. ಕಣ್ಣು ಎರಡೂ ಒಂದೇ ಮಗ್ಗಲಕ, ಹೊಟ್ಟಿ ಮ್ಯಾಲ, ಬಾಲ ಮುಂದ. ನೋಡಿ ನನಗ ಕುಣಿಬೇಕನಿಸ್ತು!

ಪಂದ್ರಾ ಆಗಸ್ಟಿನ ಸ್ವಾತಂತ್ರ್ಯ ಹಬ್ಬಕ್ಕಂತ ಅದನ್ನ ವರಾಂಡಾದ ಗ್ವಾಡಿಗಿ ಹಚ್ಚೇನಿ. ಹೆಡ್ ಮಾಸ್ತರ್ ಇವತ್ತ ನೋಡಿ ಹೌಹಾರಿದ್ರು. “ನಾಳಿ ದೊಡ್ಡ ಸಾಹೇಬ್ರು ಬರ್ತಾರ, ಎತ್ತು ಹಿಂಗ ಇರ್ತದೇನ್ರಿ? ತಗೀರಿ, ಒಂದು ನವಿಲು ಹಚ್ರಿ.”

“ತಗ್ಯಾಂಗಿಲ್ರಿ ಸರ್.”

“ಅಫಜಲಪುರದ ಆ ಕಡಿ ಟ್ರಾನ್ಸ್‌ಫರ್ ಮಾಡಸ್ತೇನಿ ನೋಡ್ರಿ!”

“ಮಾಡಸ್ರಿ. ಅಲ್ಲಿ ಎತ್ತಿಗಿ ಒಂದೇ ಮಗ್ಗಲ ಅದೇನ್ರಿ?”

ಅಂದೆ ಖರೆ. ಮನಿಗಿ ಬಂದು ಅತ್ತೆ. ಮಗಳ ಸಾಲಿ, ನಮ್ಮ ಮನಿಯವರ ಅಂಗಡಿ ಎಲ್ಲಾ ಇಲ್ಲೇ ಅವ. ನೀವು ಹಾಳಿ ಹರದ ದಿನ ನಿಮಗೂ ಹಿಂಗೇ ಆಗಿತ್ತೇನ್ರಿ? ಹಿಂಗೇ ಮನಿಗಿ ಹೋಗಿ ಅತ್ತಿದ್ರೇನು? ಅದನ್ನ ಕೇಳಬೇಕನಸ್ತು, ಕೇಳಾಕ ನೀವಿಲ್ಲ.

ಮಾರಿ ತೊಳಕೊಂಡು, ಬ್ರಶ್ ಹಿಡಕೊಂಡು ಹೊಳ್ಳಿ ಸಾಲಿಗಿ ಹೋದೆ. ಎತ್ತಿನ ಕೆಳಗ ಮಕ್ಕಳ ಹೆಸರು ಬರದೆ. ಅದರ ಕೆಳಗ ದಪ್ಪ ಅಕ್ಷರದಾಗ ಬರದೇನಿ: ಕಲಿಸಿದವರು, ಸಿದ್ದಣ್ಣ ಮಾಸ್ತರ್, ಆಳಂದ.

ನಾಳಿ ಅದರ ಮಗ್ಗಲಕ ನಾನೇ ನಿಂದರ್ತೇನಿ. ತಗ್ಯಾವ್ರು ಮೊದಲ ನಿಮ್ಮ ಹೆಸರು ಓದಿ, ಆಮ್ಯಾಲ ಕೈ ಹಚ್ಚಲಿ. ನಾ ಮಾತ್ರ ತಪ್ಪಾತು ಅನ್ನಂಗಿಲ್ರಿ, ಮಾಸ್ತರ.