ಶನಿವಾರ ನೀನು, ಭಾನುವಾರ ನಾನು

ಸೋಮವಾರ, ಮಧ್ಯಾಹ್ನದ ಬಿಡುವು

ಕೊಕ್ಕರೆಗೆ ಕಡ್ಡಿಪೆಟ್ಟಿಗೆಯ ನಮಸ್ಕಾರ,

‘ಪ್ರಿಯ’ ಎಂದು ಶುರುಮಾಡಿದರೆ ನಿನಗೆ ನಗು ಬರುತ್ತದೆ, ‘ಮಾನ್ಯರೇ’ ಎಂದರೆ ಮತ್ತೆ ವಕೀಲರ ನೋಟೀಸು ಬಂತೆಂದು ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಶಾಲೆಯಲ್ಲಿಟ್ಟ ಹೆಸರುಗಳೇ ಇರಲಿ. ನಾವು ಗಂಡ ಹೆಂಡತಿಯಾಗಿದ್ದದ್ದು ಎಂಟು ವರ್ಷ, ಬೇರೆಯಾಗಿ ಐದು. ಈ ಹೆಸರುಗಳು ಅದೆಲ್ಲಕ್ಕಿಂತ ಹಳೆಯವು.

ಲ್ಯಾಬಿನಲ್ಲೇ ಕೂತು ಬರೆಯುತ್ತಿದ್ದೇನೆ. ಎದುರಿಗೆ ಯಾರದೋ ಮೇಲಿನ ಸಾಲಿನ ಕಟ್ಟುಹಲ್ಲು ಒಣಗುತ್ತಿದೆ, ಕೈಯೆಲ್ಲ ಪ್ಲಾಸ್ಟರ್ ಪುಡಿ. ಕಾಗದಕ್ಕೆ ಬಿಳಿ ಮೆತ್ತಿದ್ದರೆ ಕೊಡವಿ ಓದು.

ವಿಷಯಕ್ಕೆ ಬರುತ್ತೇನೆ. ನಿನ್ನೆ ನಮ್ಮ ಶಾಲೆಯ ಹಳೇ ಗೆಳೆಯರ ಕೂಟಕ್ಕೆ ಹೋಗಿದ್ದೆ. ನೀನೂ ಹೋಗಿದ್ದೆ, ಮೊನ್ನೆ. ಇದು ನಿನಗೆ ಗೊತ್ತೋ ಇಲ್ಲವೋ; ಗೊತ್ತಿಲ್ಲದಿದ್ದರೆ ಕೇಳು. ಆ ಏಳು ಜನ ಪುಣ್ಯಾತ್ಮರು ಒಂದೇ ಕೂಟವನ್ನು ಎರಡು ಸಲ ಮಾಡಿದ್ದಾರೆ. ಶನಿವಾರ ನಿನಗೆ, ಭಾನುವಾರ ನನಗೆ.

ನಿಜ ಹೇಳಬೇಕೆಂದರೆ ಹೋಗುವಾಗ ನನಗೆ ಹೆದರಿಕೆಯಿತ್ತು. ನಿನ್ನ ಮುಖ ನೋಡಬೇಕಲ್ಲ ಎಂದಲ್ಲ, ಅವರಿಗೆ ನೀನು ಏನು ಹೇಳಿದ್ದೀಯೋ ಎಂದು. ಹೊರಗಿನವರೆಲ್ಲ ಅಂದದ್ದು ಒಂದೇ ಮಾತು: ಅತ್ತೆ ಹಾಸಿಗೆ ಹಿಡಿದಿದ್ದಾಗ ಬ್ಯಾಗು ಹಿಡಿದು ನಡೆದವಳು. ನಡೆದದ್ದು ಹೌದು. ಅದಕ್ಕೆ ಮುಂಚಿನ ಎರಡು ವರ್ಷದ ಬಗ್ಗೆ ಯಾರೂ ಕೇಳಲಿಲ್ಲ. ಅತ್ತೆ ತೀರಿಕೊಂಡ ದಿನ ನಿಮ್ಮ ಕಟ್ಟಡದ ಬಾಗಿಲವರೆಗೂ ಬಂದಿದ್ದೆ, ಮೇಲೆ ಕೂತಿದ್ದವರ ಬಾಯಿಗೆ ಹೆದರಿ ಮೆಟ್ಟಿಲು ಹತ್ತಲಿಲ್ಲ. ನೆಂಟರು ಏನಾದರೂ ಅಂದುಕೊಂಡು ಹಾಳಾಗಿ ಹೋಗಲಿ. ಆದರೆ ಇವರು ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ್ ಹತ್ತಿರ, ನಮ್ಮ ಜೊತೆ ಅಕ್ಷರ ಕಲಿತವರು. ಇವರೂ ಹಾಗೇ ಅಂದುಕೊಂಡುಬಿಟ್ಟರೆ ನನಗೆ ನನ್ನವರು ಅಂತ ಉಳಿಯುವವರು ಯಾರು? ಕೇಳಿದರೆ ಕೊಡಲೆಂದು ಒಂದು ಉತ್ತರವನ್ನು ಮಸೆದುಕೊಂಡೇ ಹೋಗಿದ್ದೆ.

ಹೋದರೆ ಯಾರೂ ಏನೂ ಕೇಳಲೇ ಇಲ್ಲ. ಒಂದು ಕಡೆ ಕೂರದೆ ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ ಗುಂಡ ಈಗ ಕ್ರೇನ್ ಓಡಿಸುತ್ತಾನಂತೆ. ಬೆಳಿಗ್ಗೆ ಹತ್ತಿ ಕೂತರೆ ಸಂಜೆಯವರೆಗೆ ಇಳಿಯುವ ಹಾಗಿಲ್ಲ. ಎರಡನೇ ಬೆಂಚಿಗೂ ದನಿ ಕೇಳಿಸದ ನಮ್ಮ ಪಿಸುಮಾತು ರೈಲ್ವೆ ಸ್ಟೇಷನ್ನಿನಲ್ಲಿ ಮೈಕು ಹಿಡಿದು ಇಡೀ ಪ್ಲಾಟ್‌ಫಾರಂ ಅಲ್ಲಾಡಿಸುತ್ತಾಳೆ. ಲೆಕ್ಕದ ರಾಣಿ ಬ್ಯಾಂಕಿನ ಕೆಲಸ ಬಿಟ್ಟು ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ, ಈಗಲೇ ನಿದ್ದೆ ಚೆನ್ನಾಗಿ ಬರೋದು ಅಂದಳು. ಉಳಿದವರದು ಮಕ್ಕಳು, ಮೊಣಕಾಲು, ಮನೆ ಬಾಡಿಗೆ. ಇದೆಲ್ಲ ನಿನಗೂ ಹೇಳಿರುತ್ತಾರೆ, ಇದೇ ಮಾತುಗಳಲ್ಲಿ.

ಏನೋ ಎಡವಟ್ಟಿದೆ ಎಂದು ನನಗೆ ಅನಿಸಿದ್ದು ಗುಂಡ, ಅಲ್ಲೇ ಕೂತಿದ್ದ ನಮ್ಮ ಟೀಚರ್ ಎದುರಿಗೇ, ಅವರ ಕೊಡೆಯೊಳಗೆ ಕಪ್ಪೆ ಬಿಟ್ಟ ಕಥೆ ತೆಗೆದಾಗ. ಕಪ್ಪೆ ಇನ್ನೂ ಕೊಡೆಗೆ ಹೋಗಿಯೇ ಇರಲಿಲ್ಲ, ಅಷ್ಟರಲ್ಲಿ ಎಲ್ಲರೂ ನಕ್ಕು ಮುಗಿಸಿದ್ದರು. ರಾಣಿ ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸಿದಳು.

ಆಮೇಲೆ ಫೋಟೋ. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ನಿಂತೆ. ಗುಂಡ ಫೋನು ಹಿಡಿದು, ‘ಅಲ್ಲಿ ಬೇಡ ಕಣೇ, ಅದು ಕೊಕ್ಕರೆ ನಿಂತಿದ್ದ ಜಾಗ, ಕುಳ್ಳಿ ನೀನು, ಮುಂದೆ ಬಾ’ ಅಂದವನೇ ನಾಲಿಗೆ ಕಚ್ಚಿಕೊಂಡ. ಕಾಪಿ ಹೊಡೆದು ಸಿಕ್ಕಿಬಿದ್ದವರ ಹಾಗೆ ಏಳೂ ಜನ ನೆಲ ನೋಡಿದರು. ಯಾವಾಗ ನಿಂತಿದ್ದ ಅಂದೆ. ಪಿಸುಮಾತು ‘ನಿನ್ನೆ’ ಅಂದಳು, ಈ ಸಲ ಹಳೇ ದನಿಯಲ್ಲಿ. ‘ಒಟ್ಟಿಗೆ ಕರೆದ್ರೆ ಇಬ್ಬರೂ ಬರಲ್ಲ, ಒಬ್ಬರನ್ನ ಬಿಡೋಕೆ ನಮಗೆ ಮನಸ್ಸಾಗಲಿಲ್ಲ, ಏನ್ಮಾಡೋದು ಹೇಳು’ ಅಂದಳು ರಾಣಿ. ನನಗೆ ರೇಗಿಹೋಯಿತು. ನಾವೇನು ಹಾವು ಮುಂಗುಸಿನಾ ಎಂದು ಕೂಗಾಡಿದೆ.

ಟೀಚರ್ ನನ್ನ ಕೈ ಹಿಡಿದು ವರಾಂಡಕ್ಕೆ ಕರೆದುಕೊಂಡು ಹೋದರು. ‘ಎರಡು ದಿನ ಅದೇ ಕಪ್ಪೆ ಕಥೆ ಕೇಳಿದೀನಿ ಕಣಮ್ಮ, ಕೂಗಾಡಬೇಕಾದವಳು ನಾನು’ ಅಂದರು. ಆಮೇಲೆ ಹೇಳಿದರು. ಶನಿವಾರ ಯಾರೋ ನನ್ನ ಮಾತು ತೆಗೆದು, ಅಂಥ ಹೊತ್ತಲ್ಲಿ ಬಿಟ್ಟು ಹೋದಳಲ್ಲ ಅಂದರಂತೆ. ನೀನು ಕೈಲಿದ್ದ ಲೋಟ ಕೆಳಗಿಟ್ಟು, ‘ಅವಳು ಬಿಟ್ಟು ಹೋಗಲಿಲ್ಲ, ಇರೋ ಹಾಗೆ ನಾನು ಇಟ್ಕೊಳ್ಳಲಿಲ್ಲ. ಎರಡು ವರ್ಷ ಅಮ್ಮನ್ನ ನೋಡ್ಕೊಂಡಿದ್ದು ಅವಳೇ. ನಾನು ಆಂಬುಲೆನ್ಸಲ್ಲಿ ಊರವರ ಅಮ್ಮಂದಿರನ್ನ ಹೊತ್ಕೊಂಡು ಓಡಾಡ್ತಿದ್ದೆ’ ಅಂದೆಯಂತೆ.

ಯಾರೂ ನನ್ನನ್ನು ಕೇಳದೆ ಇದ್ದದ್ದು ಅದಕ್ಕೇ. ನೀನು ಹಿಂದಿನ ದಿನವೇ ಹೇಳಿ ಮುಗಿಸಿದ್ದೆ.

ನಾನು ಅಳಲಿಲ್ಲ ಎಂದು ಬರೆಯೋಣವೆಂದಿದ್ದೆ. ವರಾಂಡದ ಕಂಬ ಹಿಡಿದುಕೊಂಡು ಚೆನ್ನಾಗಿ ಅತ್ತುಬಿಟ್ಟೆ, ಟೀಚರ್ ಸೆರಗು ಪೂರ್ತಿ ಹಾಳಾಯಿತು. ಎದೆ ಮೇಲಿನ ಕಲ್ಲು ಇಳಿಯಿತು ಅನ್ನುತ್ತಾರಲ್ಲ, ಹಾಗೆ. ಮಸೆದುಕೊಂಡು ಹೋಗಿದ್ದ ಉತ್ತರ ಏನೆಂದು ಮಾತ್ರ ಕೇಳಬೇಡ, ಅದರಲ್ಲಿ ನಿನ್ನ ಬಗ್ಗೆ ಒಂದೇ ಒಂದು ಒಳ್ಳೆ ಮಾತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಎಂಥಾ ನಿದ್ದೆ ಹತ್ತಿತೆಂದರೆ ನನ್ನ ಸ್ಟಾಪು ದಾಟಿಹೋಗಿ, ಕಂಡಕ್ಟರ್ ಎಬ್ಬಿಸಿ ಇಳಿಸಿದ.

ಇನ್ನು ಮುಂದೆ ಕೂಟ ಒಂದೇ ದಿನ ಎಂದು ಅವರಿಗೆ ಹೇಳಿಬಂದಿದ್ದೇನೆ. ನೀನು ಡ್ಯೂಟಿ ನೆಪ ಹೇಳಬೇಡ, ನಾನು ಮುಖ ತಿರುಗಿಸುವುದಿಲ್ಲ. ಮಾತು ಸಿಗದಿದ್ದರೆ ಸುಮ್ಮನೆ ಕೂರೋಣ, ಅದರಲ್ಲಿ ನಮಗೆ ಒಳ್ಳೆ ಅಭ್ಯಾಸವಿದೆ.

ರಾತ್ರಿ ಪಾಳಿ ಮುಗಿಸಿ ಬಂದವನು ಖಾಲಿ ಹೊಟ್ಟೆಯಲ್ಲಿ ಮಲಗಬೇಡ.

ಇಂತಿ,
ಕಡ್ಡಿಪೆಟ್ಟಿಗೆ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಮ್ಮ ಲ್ಯಾಬಿಗೆ ಪ್ಲಾಸ್ಟರ್ ಮೂಟೆ ತಂದು ಇಳಿಸುವವರೊಬ್ಬರು ಮದುವೆಯಾಗೋಣವೇ ಎಂದು ಕೇಳಿ ಒಂದು ವರ್ಷವಾಯಿತು. ಇವಳು ಬಿಟ್ಟು ಹೋಗುವವಳು ಎಂದು ನಾಳೆ ಯಾರಾದರೂ ಅವರ ಕಿವಿಗೆ ಊದಿದರೆ ಏನು ಹೇಳಲಿ ಎಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಅವರು ಮೂಟೆ ಕೆಳಗಿಡುವುದರೊಳಗೆ ಆಗಲಿ ಅಂದುಬಿಟ್ಟೆ. ಆ ಏಳು ಜನಕ್ಕೆ ಇನ್ನೂ ಹೇಳಿಲ್ಲ. ನಿನಗೇ ಮೊದಲು.