ಕರಿಹುಳದ ಮೇಲಿನ ಅಪವಾದ

ತಳೇಗಾಂವ ದಾಭಾಡೆ
12 ಆಗಸ್ಟ್ 2025

ಅವ್ವಾ, ನಿನ್ನ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ.

ಫೋನ್ ಇದ್ದೂ ಇವಳು ಕಾಗದ ಯಾಕೆ ಬರೆದಳು ಅಂತ ಹೆದರಬೇಡ. ಫೋನ್ ಮಾಡಿದರೆ ಮಾಂತು ಅಣ್ಣ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಡುತ್ತಾನೆ, ಓಣಿಯೆಲ್ಲ ಕೇಳಿಸಿಕೊಳ್ಳುತ್ತದೆ, ನನಗೆ ಬಾಯಿ ಬಿಡಲು ಆಗುವುದಿಲ್ಲ. ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ ನನ್ನದು, ನಿಧಾನವಾಗಿ ಓದು. ಯಾರ ಕೈಗೂ ಕೊಡಬೇಡ.

ಚಿನ್ನುವಿನ ಬಲಗಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಕಪ್ಪುಗುಡ್ಡೆಯ ಮೇಲೆ ಮಂಜಿನಂಥ ಗೆರೆ ಉಳಿದಿದೆ. ಹೋಗುತ್ತದೋ ಇಲ್ಲವೋ ಡಾಕ್ಟರ್ ಹೇಳುತ್ತಿಲ್ಲ. ಮಗುವಿಗೆ ಅದರ ಚಿಂತೆಯಿಲ್ಲ. "ನಮ್ಮ ಆಯಿ ಯಾವಾಗ ಬರ್ತಾಳ?" ಅಂತ ನಿನ್ನನ್ನೇ ಕೇಳಿ ಕೇಳಿ ನನ್ನ ಜೀವ ತಿನ್ನುತ್ತಾಳೆ.

ನಾನು ಕೇಳುವುದು ಒಂದೇ. ಬರುವ ಅಮಾವಾಸ್ಯೆಗೆ ನಮ್ಮ ಸಸಿ ನರ್ಸರಿಯಲ್ಲಿ ಹುಳದ ಔಷಧಿ ಹೊಡೆಯಬೇಡ ಅಂತ ನೀನೇ ಫೋನ್ ಮಾಡಿ ಮಾವನಿಗೆ ಹೇಳಬೇಕು. ಮಾವ ನನಗೆ ಗಂಡನಾದರೂ ನಿನಗೆ ಮೊದಲು ತಮ್ಮ. ನಾನು ಏನೇ ಅಂದರೂ "ಅಕ್ಕ ಹೇಳ್ಯಾಳ, ಮುಗೀತು" ಅನ್ನುತ್ತಾರೆ. "ನನ್ನ ಮೊಮ್ಮಗಳ ಕಣ್ಣು ಕೆಡಿಸಿದ ಹುಳದ ವಂಶ ಉಳೀಬಾರದು, ಅಮಾವಾಸ್ಯೆಗೊಮ್ಮೆ ಔಷಧಿ ಹೊಡಿ" ಅಂತ ನೀನು ಅಂದದ್ದನ್ನು ಅವರು ದೇವರ ಹೇಳಿಕೆಯ ಹಾಗೆ ನಡೆಸುತ್ತಿದ್ದಾರೆ.

ಹೋದ ಅಮಾವಾಸ್ಯೆಗೆ ಹೊಡೆದು ಬಂದವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಬಾಯಲ್ಲಿ ಜೊಲ್ಲು ನಿಲ್ಲುತ್ತಿರಲಿಲ್ಲ. ಕೇಳಿದರೆ "ಬಿಸಿಲು ಹತ್ತೇದ" ಅಂದರು. ಜುಲೈ ಮಳೆಯಲ್ಲಿ ಎಂಥ ಬಿಸಿಲು, ಅವ್ವಾ?

ಇಲ್ಲಿಗೆ ರಕ್ಷಿತ ಅಂತ ಮೈಸೂರು ಕಡೆಯ ಹುಡುಗಿ ಬರುತ್ತಾಳೆ. ಕಾಲೇಜಿನಲ್ಲಿ ನೆಲದ ಹುಳಗಳನ್ನು ಓದುತ್ತಾಳೆ. ನಮ್ಮ ಮಡಿಗಳ ನಡುವೆ ನೆಲದ ಮಟ್ಟಕ್ಕೆ ಪ್ಲಾಸ್ಟಿಕ್ ಲೋಟ ಹೂಳುತ್ತಾಳೆ, ಓಡಾಡುವ ಹುಳ ಅದರಲ್ಲಿ ಬೀಳುತ್ತವೆ. ಬೇಸಿಗೆಯಲ್ಲಿ ನನಗೆ ತೋರಿಸಿದ್ದಳು. ಹಸಿರು ಹೊಳೆಯುವುದು, ಕೆಂಪು ಕತ್ತಿನದು, ಅಕ್ಕಿಕಾಳಿನಷ್ಟೇ ಇರುವುದು. ಎಲ್ಲ ಒಂದೇ ಕುಲದವಂತೆ. ಮನುಷ್ಯ ಹುಟ್ಟುವ ಎಷ್ಟೋ ಮೊದಲೇ ಹುಟ್ಟಿ, ಅಣ್ಣತಮ್ಮಂದಿರು ಬೇರೆಯಾದ ಹಾಗೆ ಒಂದೊಂದು ಒಂದೊಂದು ಬದುಕು ಹಿಡಿದವಂತೆ.

ಚಿನ್ನುವಿನ ಕಣ್ಣಿಗೆ ಉರಿನೀರು ಚಿಮ್ಮಿಸಿದ್ದು ಬೆನ್ನ ಮೇಲೆ ಬಿಳಿ ಚುಕ್ಕಿಯ ದೊಡ್ಡ ಕರಿಹುಳ. ಅದರ ರೆಕ್ಕೆಯ ಚಿಪ್ಪು ಒಂದಕ್ಕೊಂದು ಕೂಡಿಕೊಂಡಿದೆ. "ಪಾಪ, ಅದಕ್ಕೆ ಹಾರೋಕೇ ಬರಲ್ಲ ಅಕ್ಕ, ಓಡುತ್ತೆ ಅಷ್ಟೆ. ಹಿಡ್ಕೊಂಡ್ರೆ ಮಾತ್ರ ಆಸಿಡ್ ಬಿಡುತ್ತೆ" ಅಂದಳು ರಕ್ಷಿತ. ನೀನು ಸೋಮವತಿ ಅಮಾವಾಸ್ಯೆಗೆ ಜೇಜುರಿಯ ದೇವರ ದರ್ಶನಕ್ಕೆ ಹೋಗಿ ಆಗಷ್ಟೇ ನಮ್ಮಲ್ಲಿಗೆ ಬಂದಿದ್ದೆ. ನಿನಗೆ ತೋರಿಸಬೇಕೆಂದು ಚಿನ್ನು ಅದನ್ನು ಮುಷ್ಟಿಯಲ್ಲಿ ಹಿಡಿದು ತಂದಳು. ಅವಳು ಚೀರಿದಳು, ನೀನು ಎತ್ತಿಕೊಂಡು ಒಳಗೆ ಓಡಿದೆ. ಮುಂದಿನದು ನಿನಗೆ ಗೊತ್ತೇ ಇದೆ, ಬರೆಯುವುದಿಲ್ಲ.

ಈಗ ರಕ್ಷಿತಳ ಲೋಟಗಳಲ್ಲಿ ಇರುವೆ ಬಿಟ್ಟರೆ ಏನೂ ಬೀಳುವುದಿಲ್ಲ. ಆದರೆ ಬಸವನಹುಳ ಕುಂಡಗಳನ್ನೆಲ್ಲ ಹತ್ತಿವೆ. ಬೆಳಿಗ್ಗೆ ಎದ್ದು ನೋಡಿದರೆ ದಸರೆಗೆಂದು ಬೆಳೆಸಿದ ಚೆಂಡುಹೂವಿನ ಸಸಿಗಳು ಬುಡ ಕಡಿಸಿಕೊಂಡು ಮಲಗಿರುತ್ತವೆ. ಮಣ್ಣಿನಲ್ಲಿ ಅಡಗುವ ಬೂದುಬಣ್ಣದ ಹುಳದ ಕೆಲಸ ಅದು. "ಇವನ್ನು ತಿನ್ನುತ್ತಿದ್ದವರನ್ನೇ ನೀವು ಕೊಂದಿರಿ. ರೆಕ್ಕೆ ಇರೋವು ಮತ್ತೆ ಬರಬಹುದು, ಈ ಚುಕ್ಕಿಯದು ಗುಡ್ಡದಿಂದ ನಡ್ಕೊಂಡೇ ಬರಬೇಕು, ನಡುವೆ ರಸ್ತೆ, ಕಾಂಪೌಂಡು" ಅಂದಳು ಆ ಹುಡುಗಿ. ಅದಕ್ಕೆ ಮಾವ, "ತಂಗೀ, ಎಸ್‌ಟಿ ಬಸ್ ಹತ್ತಿ ಬಾ ಅಂತ ಹೇಳ ಅದಕ್ಕ" ಅಂದರು. ನಾನೂ ನಕ್ಕೆ. ಸಂಜೆ ಅವರು, ಈ ಔಷಧಿ ಸಾಲದು, ಇನ್ನೂ ಜಬರ್ದಸ್ತ್ ತರ್ತೀನಿ ಅಂದಾಗ ನಗು ಬರಲಿಲ್ಲ.

ಚಿನ್ನು ಅದೇ ಮಣ್ಣಿನಲ್ಲಿ ಮನೆ ಕಟ್ಟಿ ಆಡುತ್ತಾಳೆ. ಎಷ್ಟು ಅಂತ ಕಟ್ಟಿಹಾಕಲಿ? ನಿನ್ನ ಸಿಟ್ಟು ಮೊಮ್ಮಗಳ ಮೇಲಿನ ಮಮತೆಯಿಂದ ಬಂದದ್ದು ಅಂತ ಬಲ್ಲೆ. ಹುಳ ಹೆದರಿ ಮಾಡಿತು, ಬಿಟ್ಟುಬಿಡು. ಒಂದು ಫೋನ್ ಮಾಡು.

ಮಾಂತು ಅಣ್ಣನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು
ಭಾಮಾ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು. ಮಾವ ಹೊಸ ಔಷಧಿಯ ಡಬ್ಬಿ ತಂದು ಬಾಗಿಲ ಹಿಂದೆ ಇಟ್ಟರು, ಅದಕ್ಕೇ ಬಿಚ್ಚಿದೆ. ಆಸ್ಪತ್ರೆಯಲ್ಲಿ ಅವರು ಚೀಟಿ ಮಾಡಿಸಲು ಹೋದಾಗ ಡಾಕ್ಟರಮ್ಮ ನನಗೊಬ್ಬಳಿಗೇ ಮರಾಠಿಯಲ್ಲಿ ಹೇಳಿದರು: ಹುಳದ ನೀರನ್ನು ಆಗಲೇ ಚೆನ್ನಾಗಿ ತೊಳೆದಿದ್ದರೆ ಉರಿ ಇಳಿದುಹೋಗುತ್ತಿತ್ತು, ಗೆರೆ ಬಿದ್ದದ್ದು ಪುಡಿ ಉಜ್ಜಿದ್ದರಿಂದ. ಜೇಜುರಿಯಿಂದ ತಂದ ಅರಿಶಿನದ ಭಂಡಾರವನ್ನು ಸೆರಗಿನ ಗಂಟಿನಿಂದ ಬಿಚ್ಚಿ, ದೇವರು ಕಾಯ್ತಾನ ಅಂತ ನೀನು ಅವಳ ಕಣ್ಣಿಗೆ ಒತ್ತಿದೆಯಲ್ಲ, ಅದು. ಮಾವನಿಗೆ ಗೊತ್ತಿಲ್ಲ. ನೀನು ಫೋನ್ ಮಾಡಿದರೆ ಗೊತ್ತಾಗುವುದೂ ಬೇಡ. ಮಾಡದಿದ್ದರೆ, ಅಮಾವಾಸ್ಯೆಯ ಬೆಳಿಗ್ಗೆ ಅವರು ಪಂಪು ಬೆನ್ನಿಗೇರಿಸುವ ಮೊದಲು ನಾನೇ ಹೇಳುತ್ತೇನೆ, ಅವ್ವಾ.