ಆ ಹುಡುಗಿ ಉಂಡಳೇ

ಅಮ್ಮ,

ಕೆಟ್ಟುಹೋದ ಹಾರ್ಡ್ ಡಿಸ್ಕಿನಲ್ಲಿದ್ದದ್ದೆಲ್ಲ ಇವತ್ತು ಹೊಸ ಡಿಸ್ಕಿನಲ್ಲಿ ಸಿಕ್ಕಿತು. ನಿನ್ನ ಕಣ್ಣು ಹೋದ ಮೇಲೆ ನಿನಗೆ ಓದಿ ಹೇಳುತ್ತಾ ರೆಕಾರ್ಡ್ ಮಾಡಿಟ್ಟ ಕಾದಂಬರಿಗಳು.

ಡೇಟಾ ತೆಗೆದುಕೊಟ್ಟವನು ಒಂದನ್ನು ಹಾಕಿ ಕೇಳಿಸಿದ. ನನ್ನ ದನಿಯೇ, ಎಲ್ಲೂ ತಡೆಯಿಲ್ಲದೆ.

"ಇದರಲ್ಲಿ ನಮ್ಮಮ್ಮನೂ ಮಾತಾಡಿದ್ರು. ಅದನ್ನ ಕತ್ತರಿಸಿ ತೆಗೆದಿದ್ದೆ. ಈಗ ಅವರಿಲ್ಲ, ಅದು ವಾಪಸ್ ಸಿಗುತ್ತಾ?"

"ಅಳಿಸಿದ್ದರ ಮೇಲೆ ಹೊಸದನ್ನ ತುಂಬಿಬಿಟ್ಟಿದ್ದೀರಲ್ಲ ಮೇಡಂ. ಇನ್ನು ಆ ಬ್ರಹ್ಮ ಬಂದ್ರೂ ಆಗಲ್ಲ."

ನಾನು ಕೆಲಸಕ್ಕೆ ಹೋದಾಗ ನೀನು ಮತ್ತೆ ಕೇಳುವುದಕ್ಕೆ ಅಚ್ಚುಕಟ್ಟಾಗಿರಲಿ ಎಂದು, ಓದಿನ ಮಧ್ಯೆ ನೀನು ಬಾಯಿ ಹಾಕಿದ್ದನ್ನೆಲ್ಲ ತೆಗೆದುಬಿಡುತ್ತಿದ್ದೆ. "ಆ ಹುಡುಗಿ ಉಂಡ್ಲೇನೆ?" ಎಂದು ಕೇಳುತ್ತಿದ್ದೆ ನೀನು. "ಕಥೆಗೆ ಅದು ಬೇಕಿಲ್ಲಮ್ಮ," ಎಂದು ನಾನು ಮುಂದೆ ಓದುತ್ತಿದ್ದೆ.

ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಬಂದಿದ್ದೆ. ಅವನು ಹಿಂದಿನಿಂದ ಕೇಳಿದ: "ಸರಿ ಬಂದಿದೆಯಾ ಅಂತ ನೋಡೋಕೆ ಹೋಗಿ ಅರ್ಧ ಪುಸ್ತಕ ಕೇಳಿಬಿಟ್ಟೆ. ಆ ಹುಡುಗಿ ರೈಲು ಹತ್ತಿದಾಗಿಂದ ಏನೂ ತಿಂದೇ ಇಲ್ವಲ್ಲ?"

ನಾನು ವಾಪಸ್ ಬಂದು ಅವನೆದುರಿನ ಸ್ಟೂಲಿನ ಮೇಲೆ ಕೂತೆ. ರೈಲಿಳಿದ ಮೇಲೆ ಒಬ್ಬ ಮುದುಕಿ ಅವಳಿಗೆ ಬ್ರೆಡ್ಡು ಕೊಡುತ್ತಾಳೆ, ಹುಡುಗಿ ಅದನ್ನು ನಿಂತೇ ತಿನ್ನುತ್ತಾಳೆ ಎಂದು ಹೇಳಿದೆ.